ಗಣಕದ ನೆನಪಿನ ತಟ್ಟೆ

ಕಂಡುದನ್ನೂ ಕೇಳಿದುದನ್ನೂ ಮರೆಯದೆ ಉಳಿಸಿಕೊಳ್ಳಬೇಕೆಂಬ ಹಂಬಲ ಮಾನವನಿಗೆ ಬಹು ಹಿಂದಿನಿಂದಲೂ ಇದೆ. ಮನಸ್ಸಿನ ನೆನಪು ಕಾಲ ಕಳೆದಂತೆ ಮಾಸುತ್ತದೆ. ಆದುದರಿಂದ ಅವನು ಕಲ್ಲಿನ ಮೇಲೆ ಶಾಸನಗಳನ್ನು ಕೊರೆಸಿದನು; ತಾಮ್ರದ ತಗಡಿನ ಮೇಲೆ ದಾನಪತ್ರಗಳನ್ನು ಬರೆಸಿದನು; ತಾಳೆಯ ಗರಿಯ ಮೇಲೆ ಕಂಟದಿಂದ ಕಾವ್ಯಗಳನ್ನು ಬರೆದನು. ಕರ್ನಾಟಕದಲ್ಲಿ ಹಿಂದೆ ಲೆಕ್ಕಪತ್ರಗಳಿಗಾಗಿ ‘ಕಡತ’ವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯುವ ಅನುಕೂಲವೂ ಅದರಲ್ಲಿತ್ತು. ಆ ಬಟ್ಟೆಯ ಕಡತ ಇಂದು ಬಳಕೆಯಲ್ಲಿಲ್ಲ. ಅದರ ಹೆಸರು ಮಾತ್ರ ಉಳಿದಿದೆ. ಕಚೇರಿಯ ಕಾಗದಪತ್ರಗಳ ಕಟ್ಟಿಗೂ, ಗಣಕಯಂತ್ರದಲ್ಲಿ ಉಳಿಸಿಟ್ಟ ಬರಹಕ್ಕೂ ಈಗ ಕಡತವೆಂದೇ ಕರೆಯುತ್ತಾರೆ.

ಗಣಕದ ಕಡತಗಳು ನೆಲೆಸಿರುವ ಸ್ಥಳಗಳಲ್ಲಿ ಮುಖ್ಯವಾದುದು ‘ಹಾರ್ಡ್ ಡಿಸ್ಕ್’. ಗಟ್ಟಿಯಾದ ತಟ್ಟೆ ಎಂದು ಅದರ ಅರ್ಥ. ಶಾಲೆಯ ಅಂಕಪಟ್ಟಿ, ಸಹಕಾರ ಸಂಘದ ಲೆಕ್ಕ, ಆಸ್ಪತ್ರೆಯ ದಾಖಲೆ ಮೊದಲಾದುವೆಲ್ಲ ಇಂದು ಇಂತಹ ಸಾಧನಗಳನ್ನು ನಂಬಿಕೊಂಡಿವೆ. 2000ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಂದಿನಿಂದ ರೈತನ ಹೊಲದ ಹಕ್ಕಿನ ದಾಖಲೆಯೂ ಗಣಕದ ನೆನಪಿನಲ್ಲಿ ಸೇರಿಕೊಂಡಿತು. ಹೀಗಿರುವಾಗ ಒಂದು ದಿನ ಗಣಕವನ್ನು ಚಾಲೂ ಮಾಡಿದೊಡನೆ, ಹಾರ್ಡ್ ಡಿಸ್ಕ್ ಸಿಗಲಿಲ್ಲವೆಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಪರದೆಯ ಮೇಲೆ ಮೂಡಿ, ಯಂತ್ರವು ಮುಂದೆ ಸಾಗದೆ ನಿಂತುಬಿಟ್ಟರೆ, ನೋಡುವವರ ಎದೆ ಧಸಕ್ಕೆನ್ನುವುದು ಸಹಜ. ವರ್ಷಗಟ್ಟಲೆ ಕೂಡಿಸಿದ ಲೆಕ್ಕವೆಲ್ಲ ನಾಶವಾಯಿತೆಂದು ಕೆಲವರು ಕಂಗಾಲಾಗುತ್ತಾರೆ. ಆದರೆ ಅನೇಕ ವೇಳೆ ಹಾಗೆ ಆಗಿರುವುದಿಲ್ಲ. ಆ ವಾಕ್ಯದ ನಿಜವಾದ ಅರ್ಥವೇನು, ಅದನ್ನು ಕಂಡಾಗ ಮಾಡತಕ್ಕುದೇನು, ಮಾಡಬಾರದುದೇನು ಎಂಬುದನ್ನು ತಿಳಿಯಬೇಕಾದರೆ, ಮೊದಲು ಆ ತಟ್ಟೆಯ ರಚನೆಯನ್ನೂ ಗಣಕವು ಎಚ್ಚರಗೊಳ್ಳುವ ಬಗೆಯನ್ನೂ ಅರಿಯಬೇಕು.

ಹಾರ್ಡ್ ಡಿಸ್ಕ್ ಹುಟ್ಟಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ, ರೇನಾಲ್ಡ್ ಜಾನ್ಸನ್ ಎಂಬ ಎಂಜಿನಿಯರರ ನೇತೃತ್ವದ ತಂಡವು ಅದನ್ನು ನಿರ್ಮಿಸಿತು. ಅದಕ್ಕೆ ಮೊದಲು ಗಣಕದ ಮಾಹಿತಿಯನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿಯೂ ಕಾಂತೀಯ ಪಟ್ಟಿಗಳಲ್ಲಿಯೂ ಇಡುತ್ತಿದ್ದರು. ಪಟ್ಟಿಯ ಕೊನೆಯಲ್ಲಿರುವ ಒಂದು ಸಾಲು ಬೇಕಾದರೆ ಇಡೀ ಪಟ್ಟಿಯನ್ನು ಸುತ್ತುತ್ತ ಅಲ್ಲಿಗೆ ತಲುಪಬೇಕಾಗಿತ್ತು. ತಟ್ಟೆಯಲ್ಲಾದರೋ ಬೇಕಾದ ಸ್ಥಳಕ್ಕೆ ನೇರವಾಗಿ ಹೋಗಬಹುದು. 1956ರಲ್ಲಿ ಬೆಳಕಿಗೆ ಬಂದ ಆ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಅಷ್ಟು ತಟ್ಟೆಗಳು ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಮುಂದೆ ತಟ್ಟೆಯ ಗಾತ್ರ ಕುಗ್ಗುತ್ತ ಬಂದಿತು. ಅದು ಹಿಡಿಯುವ ಮಾಹಿತಿ ಹಿಗ್ಗುತ್ತ ಹೋಯಿತು. 1983ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ‘ಎಕ್ಸ್‌ಟಿ’ ಎಂಬ ಮೇಜಿನ ಗಣಕದಲ್ಲಿ ಸುಮಾರು ಒಂದು ಕೋಟಿ ಅಕ್ಷರಗಳನ್ನು ಹಿಡಿಯುವ ಹಾರ್ಡ್ ಡಿಸ್ಕ್ ಇತ್ತು. ಇಂದು ಅಂಗೈಯ ಮೇಲೆ ಇಟ್ಟುಕೊಳ್ಳಬಹುದಾದ ಒಂದು ಟೆರಾಬೈಟಿನ ತಟ್ಟೆಯು, 1956ರ ಆ ದೈತ್ಯ ಯಂತ್ರಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ಮಾಹಿತಿಯನ್ನು ಹಿಡಿಯಬಲ್ಲುದು.

ಹಾರ್ಡ್ ಡಿಸ್ಕಿನ ಒಳಗೆ ಅತ್ಯಂತ ನಯವಾದ ಒಂದು ಅಥವಾ ಹಲವು ತಟ್ಟೆಗಳಿರುತ್ತವೆ. ಅವುಗಳ ಮೈಮೇಲೆ ಕಾಂತೀಯ ವಸ್ತುವಿನ ತೆಳುವಾದ ಲೇಪವಿರುತ್ತದೆ. ಲೇಪದ ಒಂದೊಂದು ಸೂಕ್ಷ್ಮ ಭಾಗವನ್ನೂ ಒಂದು ದಿಕ್ಕಿಗೆ ಅಥವಾ ಅದರ ವಿರುದ್ಧ ದಿಕ್ಕಿಗೆ ಕಾಂತೀಕರಿಸಬಹುದು. ಈ ದಿಕ್ಕುಗಳ ಬದಲಾವಣೆಯ ಮೂಲಕ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕಿಗಳನ್ನು ದಾಖಲಿಸುತ್ತಾರೆ. ಬರಹ, ಚಿತ್ರ, ಸಂಗೀತ, ಲೆಕ್ಕ ಯಾವುದೇ ಆಗಲಿ, ಗಣಕಕ್ಕೆ ಅದೆಲ್ಲವೂ ಈ ಎರಡು ಅಂಕಿಗಳ ಸಾಲು. ತಟ್ಟೆಯನ್ನು ತಿರುಗಿಸಲು ಒಂದು ಮೋಟಾರು ಇರುತ್ತದೆ. ಓದುವ ಹಾಗೂ ಬರೆಯುವ ಕೆಲಸವನ್ನು ‘ಹೆಡ್’ ಎಂಬ ಪುಟ್ಟ ಭಾಗವು ಮಾಡುತ್ತದೆ. ಮೇಜಿನ ಗಣಕದಲ್ಲಿ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಆಗ ತಟ್ಟೆಯ ಅಂಚು ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಚಲಿಸುತ್ತಿರುತ್ತದೆ. ಹೆಡ್ ಆದರೋ ತಟ್ಟೆಯನ್ನು ಮುಟ್ಟದೆ, ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಅವೆರಡರ ನಡುವಿನ ಅಂತರ ತಲೆಗೂದಲ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಒಂದು ಧೂಳಿನ ಕಣವು ಅಲ್ಲಿ ಹೊಕ್ಕರೂ ಬಂಡೆಯೊಂದು ದಾರಿಗೆ ಅಡ್ಡ ಬಿದ್ದಂತಾಗುತ್ತದೆ. ಆದುದರಿಂದಲೇ ಇದನ್ನೆಲ್ಲ ಲೋಹದ ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿರುತ್ತಾರೆ.

ಈ ಡಬ್ಬಿಗೂ ಗಣಕದ ಉಳಿದ ಭಾಗಗಳಿಗೂ ಎರಡು ಸಂಬಂಧಗಳಿವೆ. ಮೊದಲನೆಯದು ವಿದ್ಯುತ್ತಿನ ಸಂಬಂಧ. ಮನೆಯ ವಿದ್ಯುತ್ತನ್ನು ತಗ್ಗಿಸಿ ಗಣಕಕ್ಕೆ ತಕ್ಕಂತೆ ಮಾಡಿಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯಿಂದ ಒಂದು ತಂತಿಗಳ ಗುಚ್ಛ ಬಂದು ಡಿಸ್ಕಿಗೆ ಸೇರುತ್ತದೆ. ಅದರಲ್ಲಿ ಮೋಟಾರಿಗೆ 12 ವೋಲ್ಟ್, ಡಿಸ್ಕಿನ ಇಲೆಕ್ಟ್ರಾನಿಕ್ ಭಾಗಗಳಿಗೆ 5 ವೋಲ್ಟ್ ವಿದ್ಯುತ್ತು ಹರಿಯುತ್ತದೆ. ಎರಡನೆಯದು ಮಾಹಿತಿಯ ಸಂಬಂಧ. ಗಣಕದ ಮುಖ್ಯ ಫಲಕವಾದ ಮದರ್‌ಬೋರ್ಡಿನಿಂದ ಬರುವ ಒಂದು ಕೇಬಲ್ ಡಿಸ್ಕಿನೊಡನೆ ಮಾತುಕತೆ ನಡೆಸುತ್ತದೆ. ಹಿಂದೆ ಈ ಕೇಬಲ್ ಅಗಲವಾದ ರಿಬ್ಬನ್ನಿನಂತಿದ್ದು, ಅದಕ್ಕೆ 40 ಸೂಜಿಗಳ ಜೋಡಣೆ ಇರುತ್ತಿತ್ತು. 2003ರ ಅನಂತರ ‘ಸಾಟಾ’ ಎಂಬ ಕಿರಿದಾದ ಕೇಬಲ್ ಬಳಕೆಗೆ ಬಂದಿತು. ಅದರ ಮಾಹಿತಿಯ ಜೋಡಣೆಯಲ್ಲಿ 7 ಸಂಪರ್ಕ ಬಿಂದುಗಳೂ ವಿದ್ಯುತ್ತಿನ ಜೋಡಣೆಯಲ್ಲಿ 15 ಸಂಪರ್ಕ ಬಿಂದುಗಳೂ ಇವೆ. ಇವುಗಳಲ್ಲಿ ಯಾವುದು ಸಡಿಲವಾದರೂ ಡಿಸ್ಕಿನ ಒಳಗಿರುವ ಕಡತಗಳಿಗೆ ಏನೂ ಆಗದೆ ಇರಬಹುದು. ಆದರೆ ಗಣಕದ ಪಾಲಿಗೆ ಡಿಸ್ಕ್ ಇಲ್ಲದಂತೆಯೇ ಸರಿ.

ಇನ್ನು ಗಣಕವು ಎಚ್ಚರಗೊಳ್ಳುವ ಬಗೆಯನ್ನು ನೋಡಬಹುದು. ಗಣಕದ ಮಿದುಳೆನಿಸಿದ ಸಂಸ್ಕಾರಕವು ಕೆಲಸ ಮಾಡುವಾಗ ಬಳಸುವ ನೆನಪು ವಿದ್ಯುತ್ತು ನಿಂತೊಡನೆ ಬರಿದಾಗಿಬಿಡುತ್ತದೆ. ಆದುದರಿಂದ ಪ್ರತಿ ಬಾರಿ ಗುಂಡಿ ಒತ್ತಿದಾಗಲೂ ಅದು ಏನೊಂದನ್ನೂ ಅರಿಯದ ಸ್ಥಿತಿಯಿಂದಲೇ ಏಳಬೇಕು. ಮದರ್‌ಬೋರ್ಡಿನ ಮೇಲೆ ಅಳಿಸಿಹೋಗದ ಒಂದು ಚಿಕ್ಕ ನೆನಪಿದ್ದು, ಅದರಲ್ಲಿ ಮೊದಲ ಪಾಠವೆನ್ನಬಹುದಾದ ಆದೇಶಗಳ ಸರಣಿಯಿರುತ್ತದೆ. ಅದನ್ನು ‘ಬಯೋಸ್’ ಎನ್ನುತ್ತಿದ್ದರು. ಈಚಿನ ಗಣಕಗಳಲ್ಲಿ ಅದರ ಸ್ಥಾನಕ್ಕೆ ‘ಯುಇಎಫ್‌ಐ’ ಬಂದಿದೆ. ಅದು ಮೊದಲು ಸಂಸ್ಕಾರಕ, ನೆನಪು, ಕೀಲಿಮಣೆ ಮೊದಲಾದುವು ಸರಿಯಾಗಿವೆಯೇ ಎಂದು ಪರೀಕ್ಷಿಸುತ್ತದೆ. ಬಳಿಕ ಡಿಸ್ಕನ್ನು ಕುರಿತು, ನೀನು ಯಾರು, ನಿನ್ನ ಅಳತೆಯೆಷ್ಟು ಎಂದು ಕೇಳುತ್ತದೆ. ಡಿಸ್ಕ್ ತನ್ನ ಗುರುತನ್ನು ಹೇಳಿದರೆ ಅದರಿಂದ ಮುಂದಿನ ಆದೇಶಗಳನ್ನು ಓದುತ್ತದೆ. ಹಳೆಯ ಪದ್ಧತಿಯಲ್ಲಿ ಹೀಗೆ ಮೊದಲು ಓದುತ್ತಿದ್ದುದು ಡಿಸ್ಕಿನ ಆರಂಭದ 512 ಬೈಟುಗಳನ್ನು ಮಾತ್ರ. ಆ ಪುಟ್ಟ ಭಾಗವು ಇನ್ನೂ ದೊಡ್ಡ ಭಾಗವನ್ನು ಕರೆತರುತ್ತದೆ. ಅದು ಇಡೀ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಕರೆತರುತ್ತದೆ. ಒಂದು ಸಣ್ಣ ಕಿಡಿಯಿಂದ ಪುರಳೆ, ಪುರಳೆಯಿಂದ ಕಟ್ಟಿಗೆ, ಕಟ್ಟಿಗೆಯಿಂದ ಕೊರಡು ಹೊತ್ತಿಕೊಳ್ಳುವಂತೆ ಗಣಕವು ಹಂತಹಂತವಾಗಿ ಎಚ್ಚರಗೊಳ್ಳುತ್ತದೆ. ಇದಕ್ಕೆ ‘ಬೂಟ್’ ಆಗುವುದು ಎಂದು ಹೆಸರು.

ಬಯೋಸ್ ಕೇಳಿದ ಪ್ರಶ್ನೆಗೆ ಡಿಸ್ಕಿನಿಂದ ಉತ್ತರವೇ ಬಾರದಿದ್ದರೆ ಅದು ಸ್ವಲ್ಪ ಹೊತ್ತು ಕಾದು ದೋಷದ ಸಂದೇಶವನ್ನು ತೋರಿಸುತ್ತದೆ. 1983ರ ಎಕ್ಸ್‌ಟಿ ಗಣಕದಲ್ಲಿ ಹಾರ್ಡ್ ಡಿಸ್ಕಿನ ಪರೀಕ್ಷೆ ವಿಫಲವಾದರೆ ಪರದೆಯ ಮೇಲೆ 1701 ಎಂಬ ಅಂಕಿ ಮೂಡುತ್ತಿತ್ತು. ಆ ಗಣಕದಲ್ಲಿ ಡಿಸ್ಕಿಗೆ 34 ತಂತಿಗಳ ಒಂದು ಕೇಬಲ್, 20 ತಂತಿಗಳ ಇನ್ನೊಂದು ಕೇಬಲ್, ಇವೆರಡಲ್ಲದೆ ವಿದ್ಯುತ್ತಿನ ತಂತಿ, ಡಿಸ್ಕನ್ನು ನಿಯಂತ್ರಿಸುವ ಬೇರೊಂದು ಫಲಕ ಇಷ್ಟೂ ಇದ್ದವು. ಕೇಬಲ್ ತಿರುವುಮುರುವಾದರೂ 1701. ಫಲಕ ಕೆಟ್ಟರೂ 1701. ಡಿಸ್ಕೇ ಕೆಟ್ಟರೂ 1701. ಅಂಕಿ ಒಂದೇ, ಕಾರಣಗಳು ಹಲವು. ಇಂದಿನ ಗಣಕಗಳು ಅಂಕಿಯ ಬದಲು ‘ನೋ ಬೂಟ್ ಡಿವೈಸ್ ಫೌಂಡ್’ ಎಂಬಂತಹ ವಾಕ್ಯಗಳನ್ನು ತೋರಿಸುತ್ತವೆ. ಅವುಗಳ ವಿಷಯದಲ್ಲಿಯೂ ಮಾತು ಇದೇ. ಡಿಸ್ಕ್ ಸತ್ತಿದೆ ಎಂದು ಗಣಕವು ಹೇಳುತ್ತಿಲ್ಲ. ತಾನು ಕರೆದಾಗ ಓಗೊಡುವವರು ಯಾರೂ ಸಿಗಲಿಲ್ಲ ಎಂದಷ್ಟೇ ಹೇಳುತ್ತಿದೆ.

ಕೆರೆಯ ನೀರನ್ನು ನಂಬಿದ ರೈತನು ಇಂತಹ ಸಮಸ್ಯೆಯನ್ನು ಚೆನ್ನಾಗಿ ಬಲ್ಲನು. ಒಂದು ಬೆಳಗ್ಗೆ ಗದ್ದೆಗೆ ನೀರು ಬಾರದಿದ್ದರೆ ಕೆರೆಯೇ ಬತ್ತಿತೆಂದು ಅವನು ತೀರ್ಮಾನಿಸುವುದಿಲ್ಲ. ಗುದ್ದಲಿ ಹಿಡಿದು ತನ್ನ ಗದ್ದೆಯ ಬದುವಿನಿಂದ ಕಾಲುವೆಯ ಗುಂಟ ನಡೆಯುತ್ತಾನೆ. ಕಸ ಕಟ್ಟಿಕೊಂಡಿದೆಯೇ, ಏರಿ ಒಡೆದು ನೀರು ಬೇರೆಡೆಗೆ ಹರಿದಿದೆಯೇ, ಮೇಲಿನ ಗದ್ದೆಯವನು ಮಡೆ ತಿರುಗಿಸಿಕೊಂಡಿದ್ದಾನೆಯೇ, ತೂಬು ಮುಚ್ಚಿದೆಯೇ ಎಂದು ಒಂದೊಂದನ್ನೇ ನೋಡುತ್ತಾನೆ. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಎಂಬ ಎಡೆಯನ್ನು ಕಂಡುಹಿಡಿದರೆ ದೋಷ ಸಿಕ್ಕಂತೆಯೇ. ಗಣಕದ ದೋಷವನ್ನು ಹುಡುಕುವ ಕ್ರಮವೂ ಇದಕ್ಕಿಂತ ಬೇರೆಯಲ್ಲ. ಸುಲಭವಾದುದನ್ನೂ ಹೊರಗಿನದನ್ನೂ ಮೊದಲು ನೋಡಬೇಕು. ಕಠಿನವಾದುದನ್ನೂ ಒಳಗಿನದನ್ನೂ ಆಮೇಲೆ ನೋಡಬೇಕು.

ಮೊದಲನೆಯದಾಗಿ, ಪರದೆಯ ಮೇಲಿನ ವಾಕ್ಯವನ್ನು ಇದ್ದಂತೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಡಿಸ್ಕ್ ಸಿಗಲಿಲ್ಲ ಎನ್ನುವುದಕ್ಕೂ, ಡಿಸ್ಕ್ ಸಿಕ್ಕಿತು ಆದರೆ ಅದರಲ್ಲಿ ಕಾರ್ಯನಿರ್ವಹಣಾ ವ್ಯವಸ್ಥೆ ಸಿಗಲಿಲ್ಲ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಆಮೇಲೆ ಗಣಕಕ್ಕೆ ಹೊರಗಿನಿಂದ ಚುಚ್ಚಿರುವ ಪೆನ್‌ಡ್ರೈವ್ ಮೊದಲಾದುವನ್ನು ತೆಗೆದು ಮತ್ತೆ ಚಾಲೂ ಮಾಡಿ ನೋಡಬೇಕು. ಕೆಲವು ಗಣಕಗಳು ಹಾರ್ಡ್ ಡಿಸ್ಕಿಗಿಂತ ಮೊದಲು ಪೆನ್‌ಡ್ರೈವಿನಲ್ಲಿ ವ್ಯವಸ್ಥೆಯನ್ನು ಹುಡುಕುತ್ತವೆ. ಅಲ್ಲಿ ಅದು ಸಿಗದೆ ದೋಷವೆಂದು ನಿಂತುಬಿಡುತ್ತವೆ. ಮರೆತು ಬಿಟ್ಟ ಪೆನ್‌ಡ್ರೈವೊಂದರಿಂದ ದಿನವಿಡೀ ಕಚೇರಿಯ ಕೆಲಸ ನಿಲ್ಲುವುದುಂಟು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆ ಇಂತಹವರಿಗೆ ಒಪ್ಪುತ್ತದೆ.

ಎರಡನೆಯದಾಗಿ, ಗಣಕವು ಏಳುತ್ತಿರುವಾಗ ನಿಗದಿಯಾದ ಕೀಲಿಯನ್ನು ಒತ್ತಿ ಬಯೋಸಿನ ವ್ಯವಸ್ಥೆಯ ಪುಟವನ್ನು ತೆರೆಯಬೇಕು. ಜೋಡಣೆಯಾಗಿರುವ ಡಿಸ್ಕುಗಳ ಪಟ್ಟಿ ಅಲ್ಲಿರುತ್ತದೆ. ಪಟ್ಟಿಯಲ್ಲಿ ಡಿಸ್ಕಿನ ಹೆಸರಿದ್ದರೆ ಕೇಬಲ್ ಮತ್ತು ವಿದ್ಯುತ್ತು ಬಹುಮಟ್ಟಿಗೆ ಸರಿಯಾಗಿವೆಯೆಂದು ಅರ್ಥ. ದೋಷವನ್ನು ಬೂಟ್ ಮಾಡುವ ಕ್ರಮದಲ್ಲಿ ಅಥವಾ ಡಿಸ್ಕಿನ ಮೇಲಿನ ಬರಹದಲ್ಲಿ ಹುಡುಕಬೇಕು. ಹೆಸರೇ ಇಲ್ಲದಿದ್ದರೆ ದೋಷವು ದಾರಿಯಲ್ಲಿ ಅಥವಾ ಡಿಸ್ಕಿನಲ್ಲಿದೆ. ಇದೇ ಪುಟದಲ್ಲಿ ದಿನಾಂಕವನ್ನೂ ನೋಡಬೇಕು. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟಗಲದ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಅದು ಸವೆದರೆ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುವುದಲ್ಲದೆ, ಡಿಸ್ಕಿಗೆ ಸಂಬಂಧಿಸಿದ ಏರ್ಪಾಡುಗಳೂ ಬದಲಾಗಬಹುದು. 1984ರಲ್ಲಿ ಬಂದ ‘ಎಟಿ’ ಮಾದರಿಯ ಗಣಕದಲ್ಲಿ ಡಿಸ್ಕ್ ಯಾವ ಬಗೆಯದೆಂಬುದನ್ನು ಬ್ಯಾಟರಿಯ ನೆರವಿನ ನೆನಪಿನಲ್ಲಿಯೇ ಬರೆದಿಡಬೇಕಾಗಿತ್ತು. ಬ್ಯಾಟರಿ ಮುಗಿದರೆ, ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಗಣಕವು ಅದನ್ನು ಮರೆತುಬಿಡುತ್ತಿತ್ತು.

ಮೂರನೆಯದಾಗಿ, ಕಿವಿಗೊಟ್ಟು ಕೇಳಬೇಕು. ವಿದ್ಯುತ್ತು ದೊರೆತ ಡಿಸ್ಕ್ ಮೆಲ್ಲಗೆ ಗುಂಯ್‌ಗುಡುತ್ತ ತಿರುಗತೊಡಗುತ್ತದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಜೋಡಣೆಯನ್ನು ಶಂಕಿಸಬೇಕು. ತಿರುಗುವ ಸದ್ದಿದ್ದು ಗಣಕಕ್ಕೆ ಅದು ಕಾಣದಿದ್ದರೆ ಮಾಹಿತಿಯ ಕೇಬಲನ್ನು ಶಂಕಿಸಬೇಕು. ಆದರೆ ಟಕ್ ಟಕ್ ಎಂದು ಒಂದೇ ಸಮನೆ ಬಡಿಯುವ ಸದ್ದು ಅಥವಾ ಕೆರೆಯುವ ಸದ್ದು ಕೇಳಿಬಂದರೆ, ಅದು ಅಪಾಯದ ಸೂಚನೆ. ಹೆಡ್ ತನ್ನ ಜಾಡನ್ನು ಕಾಣದೆ ತಡಕಾಡುತ್ತಿರಬಹುದು ಅಥವಾ ತಟ್ಟೆಯ ಲೇಪವನ್ನೇ ಉಜ್ಜುತ್ತಿರಬಹುದು. ಆಗ ಪರೀಕ್ಷೆಗೆಂದು ಮತ್ತೆ ಮತ್ತೆ ಚಾಲೂ ಮಾಡಿದರೆ ಉಳಿದಿರುವ ಬರಹವೂ ಅಳಿಸಿಹೋದೀತು. ಅಂತಹ ಡಿಸ್ಕಿನ ವಿದ್ಯುತ್ತನ್ನು ಕೂಡಲೇ ನಿಲ್ಲಿಸಿ, ಅದರ ಮುಚ್ಚಳವನ್ನು ಬಿಚ್ಚದೆ, ಧೂಳಿಲ್ಲದ ಕೊಠಡಿಯಲ್ಲಿ ಕೆಲಸ ಮಾಡಬಲ್ಲ ನುರಿತವರಿಗೆ ಒಪ್ಪಿಸಬೇಕು.

ಸದ್ದಿನಲ್ಲಿ ಅಪಾಯ ತೋರದಿದ್ದರೆ ನಾಲ್ಕನೆಯ ಹಂತವಾಗಿ ಪೆಟ್ಟಿಗೆಯನ್ನು ತೆರೆಯಬಹುದು. ಈ ಕೆಲಸವನ್ನು ವಿದ್ಯಾರ್ಥಿಗಳು ಹಿರಿಯರ ಅಥವಾ ತಿಳಿದವರ ಎದುರಿನಲ್ಲಿ ಮಾತ್ರ ಮಾಡಬೇಕು. ಗಣಕವನ್ನು ನಿಲ್ಲಿಸಿ, ಗೋಡೆಯ ಸಾಕೆಟ್ಟಿನಿಂದ ತಂತಿಯನ್ನು ಕೀಳಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ವಿದ್ಯುತ್ತು ಸ್ವಲ್ಪ ಕಾಲ ಶೇಖರವಾಗಿ ಉಳಿದಿರುವುದರಿಂದ ಅದನ್ನು ಎಂದಿಗೂ ಬಿಚ್ಚಬಾರದು. ಒಣಹವೆಯಲ್ಲಿ ಮೈಮೇಲೆ ಸ್ಥಾಯೀ ವಿದ್ಯುತ್ತು ಕೂಡುತ್ತದೆ. ಅದರ ಒಂದು ಕಣ್ಣಿಗೆ ಕಾಣದ ಕಿಡಿಯೂ ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲುದು. ಆದುದರಿಂದ ಫಲಕಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು. ಬಳಿಕ ಡಿಸ್ಕಿನ ಎರಡು ಕೇಬಲುಗಳನ್ನೂ ಎರಡು ಕಡೆಯಲ್ಲಿಯೂ ನೇರವಾಗಿ ಎಳೆದು ತೆಗೆದು, ಧೂಳು ಒರೆಸಿ, ಮತ್ತೆ ಬಿಗಿಯಾಗಿ ಕೂಡಿಸಬೇಕು. ಗಣಕವನ್ನು ಸ್ಥಳಾಂತರಿಸುವಾಗಿನ ಅದುರುವಿಕೆಯಿಂದಲೂ ಬಿಸಿ ಮತ್ತು ತಂಪಿನ ಏರಿಳಿತದಿಂದಲೂ ಈ ಜೋಡಣೆಗಳು ಸಡಿಲವಾಗುವುದುಂಟು. ಹಲವು ವೇಳೆ ಇಷ್ಟರಿಂದಲೇ ಡಿಸ್ಕ್ ಕಾಣಿಸಿಕೊಳ್ಳುತ್ತದೆ.

ಇಷ್ಟಾದರೂ ಫಲ ದೊರೆಯದಿದ್ದರೆ ಭಾಗಗಳನ್ನು ಬದಲಾಯಿಸಿ ನೋಡಬೇಕು. ಇಲ್ಲಿ ಮರೆಯಬಾರದ ನಿಯಮವೊಂದಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕೇಬಲ್, ಡಿಸ್ಕ್, ಬ್ಯಾಟರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಣಕವು ನಡೆಯಬಹುದು. ಆದರೆ ಯಾವುದು ಕೆಟ್ಟಿತ್ತೆಂಬುದು ತಿಳಿಯುವುದಿಲ್ಲ. ಸರಿಯಾಗಿದ್ದ ಡಿಸ್ಕನ್ನು ಕಸಕ್ಕೆ ಎಸೆದು, ಕೆಟ್ಟ ಕೇಬಲನ್ನು ಜೋಪಾನವಾಗಿ ಎತ್ತಿಡುವ ಸಂಭವವೂ ಇದೆ.

ಈ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿದೆ ಎಂದಿಟ್ಟುಕೊಳ್ಳಬಹುದು. ಯಾರು ಯಾವ ದಿನ ಎಷ್ಟು ಲೀಟರು ಹಾಲು ಹಾಕಿದರು, ಯಾರಿಗೆ ಎಷ್ಟು ಹಣ ಸಲ್ಲಬೇಕು ಎಂಬ ಲೆಕ್ಕವೆಲ್ಲ ಅಲ್ಲಿಯ ಗಣಕದಲ್ಲಿದೆ. ಮರುದಿನ ಬಟವಾಡೆ. ಮಕ್ಕಳ ಶುಲ್ಕ, ಹಿಂಡಿಯ ಸಾಲ, ಔಷಧದ ಖರ್ಚು ಎಲ್ಲಕ್ಕೂ ಜನ ಆ ಹಣವನ್ನೇ ಎದುರುನೋಡುತ್ತಿದ್ದಾರೆ. ಆ ಬೆಳಗ್ಗೆ ಗಣಕವು ಡಿಸ್ಕ್ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ತಾಲ್ಲೂಕು ಕೇಂದ್ರದಿಂದ ಬಂದ ತರುಣ ತಂತ್ರಜ್ಞನನ್ನು ಸಂಘದ ಕಾರ್ಯದರ್ಶಿಗಳು, “ಏನಪ್ಪಾ, ಎಲ್ಲ ಹೋಯಿತೇ?” ಎಂದು ಕೇಳುತ್ತಾರೆ. “ಈಗಲೇ ಹಾಗೆ ಹೇಳಲಾಗದು ಸ್ವಾಮಿ. ಡಿಸ್ಕ್ ಕಾಣಿಸುತ್ತಿಲ್ಲ, ಅಷ್ಟೆ. ಹೋಗಿದೆಯೋ ಇದೆಯೋ ನೋಡಬೇಕು” ಎಂದು ಅವನು ಉತ್ತರಿಸುತ್ತಾನೆ.

ಗಣಕಕ್ಕೆ ಪೆನ್‌ಡ್ರೈವ್ ಚುಚ್ಚಿಲ್ಲ. ಬಯೋಸಿನ ಪುಟದಲ್ಲಿ ದಿನಾಂಕ ಸರಿಯಾಗಿದೆ. ಆದುದರಿಂದ ಬ್ಯಾಟರಿಯ ಮೇಲೆ ಶಂಕೆ ಬೇಡ. ಪಟ್ಟಿಯಲ್ಲಿ ಡಿವಿಡಿ ಸಾಧನದ ಹೆಸರಿದೆ, ಹಾರ್ಡ್ ಡಿಸ್ಕಿನ ಹೆಸರಿಲ್ಲ. ಕಿವಿಗೊಟ್ಟರೆ ಡಿಸ್ಕ್ ಸಮನಾಗಿ ತಿರುಗುವ ಸದ್ದು ಕೇಳುತ್ತದೆ, ಬಡಿಯುವ ಸದ್ದಿಲ್ಲ. ಎಂದರೆ ವಿದ್ಯುತ್ತು ತಲುಪುತ್ತಿದೆ. ಪೆಟ್ಟಿಗೆಯನ್ನು ತೆರೆದು ಕೇಬಲನ್ನು ಬಿಗಿಮಾಡಿದರೂ ಡಿಸ್ಕ್ ಕಾಣುವುದಿಲ್ಲ. ಆಗ ಅವನು ಗಣಕವನ್ನು ನಿಲ್ಲಿಸಿ, ಡಿವಿಡಿ ಸಾಧನದ ಮಾಹಿತಿಯ ಕೇಬಲನ್ನು ಡಿಸ್ಕಿಗೂ, ಡಿಸ್ಕಿನದನ್ನು ಡಿವಿಡಿ ಸಾಧನಕ್ಕೂ ಅದಲುಬದಲು ಮಾಡುತ್ತಾನೆ. ಮತ್ತೆ ಚಾಲೂ ಮಾಡಿದಾಗ ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಕಾಣಿಸುತ್ತದೆ. ಡಿವಿಡಿ ಸಾಧನ ಕಾಣೆಯಾಗುತ್ತದೆ. ಆದರೆ ಕೇಬಲ್ ಬದಲಾದಂತೆ ಮದರ್‌ಬೋರ್ಡಿನ ಮೇಲಿನ ಅದರ ಕಿಂಡಿಯೂ ಬದಲಾಗಿದೆ. ದೋಷವು ಎರಡರಲ್ಲಿ ಯಾವುದರದೂ ಆಗಿರಬಹುದು. ಆದುದರಿಂದ ಅವನು ಹಳೆಯ ಕಿಂಡಿಯನ್ನು ಹಾಗೆಯೇ ಇರಿಸಿ ಅದಕ್ಕೆ ಹೊಸ ಕೇಬಲೊಂದನ್ನು ಹಾಕಿ ನೋಡುತ್ತಾನೆ. ಡಿವಿಡಿ ಸಾಧನವೂ ಕಾಣಿಸಿಕೊಳ್ಳುತ್ತದೆ. ದೋಷವಿದ್ದುದು ಕೇಬಲಿನಲ್ಲಿ ಎಂಬುದು ಈಗ ಸಂದೇಹವಿಲ್ಲದೆ ಸಿದ್ಧವಾಯಿತು. ಲೆಕ್ಕದ ಒಂದು ಅಂಕಿಯೂ ಕಳೆದಿಲ್ಲ. ಆದರೂ ಅವನು ಬೇರೆ ಕೆಲಸಕ್ಕೆ ಕೈಹಾಕುವ ಮೊದಲು, ಸಂಘದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಸುತ್ತಾನೆ.

ಅದೇ ಬೆಳಗ್ಗೆ ಅವಸರಪಡುವವರ ಕೈಗೆ ಆ ಗಣಕ ಸಿಕ್ಕಿದ್ದರೆ ಬೇರೆಯೇ ಆಗುವ ಸಂಭವವಿತ್ತು. ಕಾಣದಿದ್ದ ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿರುವಾಗ, ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿದರೆ ಸರಿಹೋದೀತೆಂದು ಡಿಸ್ಕನ್ನು ‘ಫಾರ್ಮ್ಯಾಟ್’ ಮಾಡಿಬಿಡುವವರಿದ್ದಾರೆ. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಬರಹದ ವಿಳಾಸಪಟ್ಟಿಯನ್ನು ತೊಡೆದು ತಟ್ಟೆಯನ್ನು ಹೊಸ ಬರಹಕ್ಕೆ ಸಿದ್ಧಪಡಿಸುವುದು. ಅದರ ಮೇಲೆ ಹೊಸ ಬರಹ ಬಿದ್ದಷ್ಟೂ ಹಳೆಯದು ಶಾಶ್ವತವಾಗಿ ಅಳಿಯುತ್ತದೆ. ಕಳಚಿದ ಕೇಬಲ್ ಮಾಡದ ಹಾನಿಯನ್ನು ಹೀಗೆ ಮಾನವನ ಕೈಯೇ ಮಾಡುತ್ತದೆ. ಒಳಗಿನ ಕಡತಗಳು ಬೇರೆಡೆ ಸುರಕ್ಷಿತವಾಗಿವೆಯೆಂಬುದು ಖಚಿತವಾಗುವವರೆಗೆ, ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರವು ಕೇಳಿದರೆ ಬೇಡವೆಂದೇ ಉತ್ತರಿಸಬೇಕು.

ಕೇಬಲ್ ಬದಲಿಸಿದರೂ ಡಿಸ್ಕ್ ಕಾಣದಿದ್ದರೆ ಅದನ್ನು ಬೇರೆ ಗಣಕಕ್ಕೆ ಜೋಡಿಸಿ ನೋಡಬೇಕು. ಅಲ್ಲಿ ಕಂಡರೆ ದೋಷ ಮೊದಲಿನ ಗಣಕದ್ದು. ಅಲ್ಲಿಯೂ ಕಾಣದಿದ್ದರೆ ಡಿಸ್ಕಿನದು. ಡಿಸ್ಕಿಗೂ ಆಯುಷ್ಯವಿದೆ. ಎಷ್ಟೇ ಎಚ್ಚರದಿಂದ ಬಳಸಿದರೂ ಮೋಟಾರು ಸವೆಯುತ್ತದೆ, ಲೇಪ ದುರ್ಬಲವಾಗುತ್ತದೆ. ಈಗ ತಿರುಗುವ ತಟ್ಟೆಯಿಲ್ಲದ, ‘ಎಸ್‌ಎಸ್‌ಡಿ’ ಎಂಬ ಸಾಧನಗಳು ಹೆಚ್ಚಾಗಿ ಬಳಕೆಗೆ ಬಂದಿವೆ. ಅವುಗಳಲ್ಲಿ ಚಲಿಸುವ ಭಾಗಗಳಿಲ್ಲದ ಕಾರಣ ಅದುರುವಿಕೆಯ ಭಯ ಕಡಿಮೆ, ವೇಗವೂ ಹೆಚ್ಚು. ಆದರೆ ಅವು ಸದ್ದಿಲ್ಲದೆ ಕೆಲಸ ಮಾಡುವಂತೆಯೇ ಕೆಲವೊಮ್ಮೆ ಮುನ್ಸೂಚನೆಯೇ ಇಲ್ಲದೆ ಸದ್ದಿಲ್ಲದೆ ಕೆಡುತ್ತವೆ. ಅವುಗಳ ಜೋಡಣೆಯೂ ಸಡಿಲವಾಗಬಲ್ಲುದು. ಆದುದರಿಂದ ಹುಡುಕುವ ಕ್ರಮ ಅವುಗಳಿಗೂ ಅನ್ವಯಿಸುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೆಂದರೆ, ಮುಖ್ಯವಾದ ಯಾವ ಬರಹವನ್ನೂ ಒಂದೇ ಡಿಸ್ಕಿನಲ್ಲಿ ಇಡದಿರುವುದು. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನ

ಗಳಲ್ಲಿರಬೇಕು, ಒಂದು ಪ್ರತಿಯಾದರೂ ಬೇರೆ ಊರಿನಲ್ಲಿಯೋ ಬೇರೆ ಕಟ್ಟಡದಲ್ಲಿಯೋ ಇರಬೇಕು ಎಂಬುದು ತಿಳಿದವರು ಪಾಲಿಸುವ ನಿಯಮ. ಹಿಂದಿನವರು ಓಲೆಗರಿಯ ಕಟ್ಟಿಗೆ ಹುಳು ಹಿಡಿಯುವ ಮೊದಲೇ ಅದನ್ನು ಹೊಸ ಗರಿಗಳಿಗೆ ಪ್ರತಿಮಾಡಿ ಇಟ್ಟರು. ಒಂದು ಗ್ರಂಥಕ್ಕೆ ಹಲವು ಊರುಗಳಲ್ಲಿ ಹಲವು ಪ್ರತಿಗಳಾದುದರಿಂದಲೇ, ಒಂದು ಕಡೆಯ ಕಟ್ಟು ಬೆಂಕಿಗೋ ಗೆದ್ದಲಿಗೋ ತುತ್ತಾದಾಗಲೂ ಇನ್ನೊಂದು ಕಡೆಯದು ಉಳಿದು ಇಂದಿನವರ ಕೈಸೇರಿತು. ಬರೆಯುವ ಸಾಧನ ಬದಲಾಗಿದೆ. ಪ್ರತಿಮಾಡುವವನ ಕರ್ತವ್ಯ ಬದಲಾಗಿಲ್ಲ.

ಗಣಕವು ತನಗೆ ತಿಳಿದಷ್ಟನ್ನು ಮಾತ್ರ ಹೇಳುತ್ತದೆ. ಅದು ಹೇಳದುದನ್ನು ಭಯದಿಂದ ಊಹಿಸಿಕೊಳ್ಳದೆ, ಹೇಳಿದುದನ್ನು ಗಮನವಿಟ್ಟು ಓದಿ, ಒಂದೊಂದೇ ಕಾರಣವನ್ನು ಪರೀಕ್ಷಿಸುತ್ತ ಹೋಗುವವನಿಗೆ ದೋಷವು ಸಿಗುತ್ತದೆ. ಸಿಗದಿದ್ದರೂ ಅವನ ಕೈಯಿಂದ ಹೊಸ ಹಾನಿಯೊಂದು ಆಗುವುದಿಲ್ಲ. ಈ ತಾಳ್ಮೆಯ ಪರೀಕ್ಷೆಯೇ ವಿಜ್ಞಾನದ ಮಾರ್ಗ. ಗಣಕವನ್ನು ಬಳಸುವವರೆಲ್ಲರೂ ಗಣಕತಜ್ಞರಾಗಬೇಕಾಗಿಲ್ಲ. ಆದರೆ ಆ ಮಾರ್ಗವನ್ನು ಎಲ್ಲರೂ ಕಲಿಯಬಹುದು.

ಅಭ್ಯಾಸ

1. ‘ಕಡತ’ ಎಂಬ ಮಾತಿಗೆ ಹಿಂದೆ ಇದ್ದ ಅರ್ಥವೇನು? ಇಂದು ಅದು ಯಾವ ಯಾವ ಅರ್ಥಗಳಲ್ಲಿ ಬಳಕೆಯಾಗುತ್ತಿದೆ?
2. ಹಾರ್ಡ್ ಡಿಸ್ಕನ್ನು ಲೋಹದ ಡಬ್ಬಿಯೊಳಗೆ ಏಕೆ ಮುಚ್ಚಿರುತ್ತಾರೆ?
3. ಗಣಕವು ಎಚ್ಚರಗೊಳ್ಳುವ ಹಂತಗಳನ್ನು ಕ್ರಮವಾಗಿ ವಿವರಿಸಿರಿ.
4. ಗದ್ದೆಗೆ ನೀರು ಬಾರದಿದ್ದಾಗ ರೈತನು ಮಾಡುವ ಕೆಲಸಕ್ಕೂ ಗಣಕದ ದೋಷವನ್ನು ಹುಡುಕುವುದಕ್ಕೂ ಇರುವ ಹೋಲಿಕೆಯೇನು?
5. ಡಿಸ್ಕ್ ಕಂಡುಬಂದ ಮೇಲೂ ತಂತ್ರಜ್ಞನು ಹಳೆಯ ಕಿಂಡಿಗೆ ಹೊಸ ಕೇಬಲ್ ಹಾಕಿ ನೋಡಿದುದು ಏಕೆ?
6. “ಕಳಚಿದ ಕೇಬಲ್ ಮಾಡದ ಹಾನಿಯನ್ನು ಮಾನವನ ಕೈಯೇ ಮಾಡುತ್ತದೆ.” ಈ ಮಾತನ್ನು ಸಮರ್ಥಿಸಿರಿ.